ನಾವೆಲ್ಲ ಸೇರಿ ಮಾಡಿದ್ದು

“ಎಸೀಬೇಡಿ, ಬೇಕಾಗುತ್ತೆ!” ಎಂಬ ಕೂಗು ಯಾವ ಮನೆಯೊಳಗಿನಿಂದ ಹೊತ್ತಿಗೊಮ್ಮೆ ಕೇಳಿಬರುತ್ತದೋ ಆ ಮನೆಯಲ್ಲಿ ಒಬ್ಬ ಗೊಂಬೆಯಕ್ಕ ಇದ್ದಾರೆಂದು ತಿಳಿಯಬೇಕು. ಮಂಡ್ಯದ ಸುಭಾಷ್ ನಗರದಲ್ಲಿದ್ದಾರೆ, ಮದ್ದೂರಿನ ಪೇಟೆ ಬೀದಿಯ ಹಿಂದಿದ್ದಾರೆ, ಮಳವಳ್ಳಿಯ ಕೆರೆ ಕಡೆಯ ಬಡಾವಣೆಯಲ್ಲಂತೂ ಇಬ್ಬರಿದ್ದು ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ. ಊರು ಬೇರೆಯಾದರೂ ಕಣ್ಣು ಒಂದೇ. ಮಾತ್ರೆ ನುಂಗಿ ಮುಗಿದ ಪಟ್ಟಿ ಆ ಕಣ್ಣಿಗೆ ಬೆಳ್ಳಿಯ ಡಾಬು, ಬೆಂಕಿಪೊಟ್ಟಣ ಬೀರು, ಪಿಸ್ತಾ ಸಿಪ್ಪೆ ತೊಟ್ಟಿಲು, ಟೂತ್‌ಪೇಸ್ಟಿನ ಮುಚ್ಚಳ ಹೂಕುಂಡ. ಮನೆಗೆ ಬಂದ ನೆಂಟರು ಕಾಫಿ ಕುಡಿದು ಕಾಗದದ ಲೋಟವನ್ನು ಹಿಸುಕಿಬಿಟ್ಟರೋ, ಅಕ್ಕನ ಮುಖ ನೋಡಲಾಗದು. ಯಾವುದೋ ಅರಮನೆಯ ಗೋಪುರ ಈಗಷ್ಟೇ ಕುಸಿದುಬಿದ್ದಿದೆ.

ನಾನು ಹೇಳಹೊರಟಿರುವ ಗೊಂಬೆಯಕ್ಕ ಮಂಡ್ಯದವರು. ತವರು ಮದ್ದೂರು, ನಾದಿನಿಯನ್ನು ಕೊಟ್ಟಿರುವುದು ಮಳವಳ್ಳಿಗೆ. ಈ ಮೂರೂರಿನ ನಡುವೆ ಓಡಾಡುವ ಕೆಂಪು ಬಸ್ಸಿನ ಕಂಡಕ್ಟರುಗಳಿಗೆ ಅವರಿಗಿಂತ ಅವರ ಚೀಲದ ಪರಿಚಯ ಹೆಚ್ಚು. ಬೇರೆಯವರು ತವರಿಗೆ ಹೋಗಿ ಬರುವಾಗ ಚೀಲದಲ್ಲಿ ಹುರಳಿಕಾಳು, ಬೆಲ್ಲ ಇರುತ್ತದೆ. ಇವರು ತರುವುದು ತೆಂಗಿನ ನಾರು, ಕರಟ, ಒಣಗಿದ ಗಸಗಸೆ ಗಾತ್ರದ ಯಾವುದೋ ಬೀಜ, ಮತ್ತು ತಮ್ಮನ ಹೆಂಡತಿ ಗುಡಿಸಿ ಮೂಲೆಗೆ ತಳ್ಳಿದ್ದ ಇನ್ನೂ ಏನೇನೋ. ಆಕೆಗೂ ಒಳಗೊಳಗೇ ಖುಷಿ. ಗೊಂಬೆಯಕ್ಕ ಬಂದು ಹೋದರೆ ಮನೆ ಚೊಕ್ಕಟ.

ಯಜಮಾನರು ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ವಿಶ್ವೇಶ್ವರಯ್ಯ ನಾಲೆಯ ಯಾವ ತೂಬು ಎಷ್ಟು ಅಗಲ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲರು. ಹಗಲಲ್ಲಿ ಯಾರೂ ಕೇಳುವುದಿಲ್ಲ ಎನ್ನುವುದೇ ಅವರ ಕೊರಗು. ಅತ್ತೆಗೆ ಎಂಬತ್ತರ ಹತ್ತಿರ. ಸೊಂಟದಲ್ಲಿ ಎಲೆಅಡಿಕೆ ಚೀಲ, ನಾಲಿಗೆಯಲ್ಲಿ ಹಳೆಯ ಹರಿತ. ಮಗಳು ಬಿ.ಎಡ್. ಓದುತ್ತಿದ್ದಾಳೆ, ಮಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಲ್ಲಿ ಕೂತೇ ಮಾಡುತ್ತಾನೆ, ಅಥವಾ ಹಾಗೆಂದು ಹೇಳುತ್ತಾನೆ. ಈ ನಾಲ್ವರಲ್ಲಿ ಒಬ್ಬರೂ ಗೊಂಬೆ ಮಾಡುತ್ತೇವೆಂದು ಅರ್ಜಿ ಹಾಕಿದವರಲ್ಲ. ಆದರೂ ಬಂದವರಿಗೆ ಗೊಂಬೆ ತೋರಿಸುವಾಗ ಗೊಂಬೆಯಕ್ಕನ ಮೊದಲ ಮಾತು, “ನಾವೆಲ್ಲ ಸೇರಿ ಮಾಡಿದ್ದು.” ಆ ಮಾತು ಬಂದ ಕ್ಷಣ ಮಗ ಫೋನು ಕಿವಿಗಿಟ್ಟು ಹಿತ್ತಲಿಗೆ ಹೋಗುತ್ತಾನೆ, ಯಜಮಾನರು ಪೇಪರು ಎತ್ತಿ ಮುಖಕ್ಕೆ ಹಿಡಿಯುತ್ತಾರೆ, ಮಗಳು ಬಾಯಲ್ಲಿ ದಾರ ಕಚ್ಚಿಕೊಂಡಿರುವುದರಿಂದ ಏನೂ ಹೇಳಲಾರಳು.

ಇದೆಲ್ಲ ಶುರುವಾದದ್ದು ದಸರಾ ಗೊಂಬೆಯಿಂದ. ದಸರಾ ಎಂದರೆ ಮೈಸೂರು ಎಂದು ಮಂಡ್ಯದವರೆದುರು ಹೇಳಿ ನೋಡಿ. 1610ರಲ್ಲಿ ರಾಜ ಒಡೆಯರು ಅದನ್ನು ಮೊದಲು ಮಾಡಿದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ ಕಣ್ರೀ ಎಂದು ಅಲ್ಲೇ ತಿದ್ದುತ್ತಾರೆ. ಆದರೆ ಗೊಂಬೆ ಕೂರಿಸುವ ಪದ್ಧತಿ ಇವರ ಮನೆಯಲ್ಲಿ ಇರಲಿಲ್ಲ. ಮೈಸೂರಿನ ಯಾರದೋ ಮನೆಯಲ್ಲಿ ಗೊಂಬೆಯಕ್ಕ ಅದನ್ನು ಕಂಡರು. ಬೆಸ ಸಂಖ್ಯೆಯ ಮೆಟ್ಟಿಲು, ಮೇಲೆ ಬಿಳಿಯ ಪಂಚೆ ಹಾಸು, ತುತ್ತತುದಿಯಲ್ಲಿ ಕಲಶದ ಪಕ್ಕ ರಕ್ತಚಂದನದ ಪಟ್ಟದ ರಾಜ-ರಾಣಿ, ಕೆಳಗೆ ದಿನಸಿ ರಾಶಿ ಹಾಕಿಕೊಂಡು ಕೂತ ಹೊಟ್ಟೆ ಶೆಟ್ಟಿ ಮತ್ತು ಶೆಟ್ಟಮ್ಮ, ಸಂಜೆ ಆರತಿ, ಗೊಂಬೆ ನೋಡಲು ಬಂದ ಮಕ್ಕಳ ಕೈಗೆ ಚರ್ಪು. ಆ ಪಟ್ಟದ ಜೋಡಿಯನ್ನು ತವರಿನವರು ಮದುವೆಯಲ್ಲಿ ಮಗಳಿಗೆ ಕೊಡುವುದು ವಾಡಿಕೆ ಎಂದು ಆ ಮನೆಯವರು ಹೇಳಿದ್ದೇ ತಪ್ಪಾಯಿತು. ಮದುವೆಯಾಗಿ ಕಾಲು ಶತಮಾನ ಕಳೆದ ಮೇಲೆ ಗೊಂಬೆಯಕ್ಕ ಮದ್ದೂರಿಗೆ ಫೋನು ಮಾಡಿ, “ನಂಗೆ ಯಾಕೆ ಕೊಡ್ಲಿಲ್ಲ?” ಎಂದು ತಮ್ಮನನ್ನು ಕೇಳಿದರು. ಮದುವೆಯ ಕಾಲಕ್ಕೆ ನಿಕ್ಕರು ಹಾಕಿಕೊಂಡು ಓಡಾಡುತ್ತಿದ್ದ ತಮ್ಮ, “ಅಕ್ಕಾ, ನಿಂಗೆ ಎಮ್ಮೆ ಕೊಟ್ಟಿದ್ವಲ್ಲಾ” ಎಂದ.

ಪಟ್ಟದ ಗೊಂಬೆ ಬರಲಿಲ್ಲ. ಇಲ್ಲದ್ದನ್ನು ತಾವೇ ಮಾಡಿಕೊಳ್ಳುವ ಛಲ ಬಂತು. ಮೊದಲು ದೇವರುಗಳನ್ನು ಮಾಡಿದರು, ಅದರಲ್ಲಿ ಏಟು ತಿಂದರು. ದೇವರ ವಿಚಾರದಲ್ಲಿ ನಮ್ಮವರಷ್ಟು ಕಟ್ಟುನಿಟ್ಟಿನ ವಿಮರ್ಶಕರು ಸಾಹಿತ್ಯದಲ್ಲಿ ಕೂಡ ಇಲ್ಲ. ಗಣಪತಿಯ ಸೊಂಡಿಲು ಯಾವ ಕಡೆಗೆ, ಸರಸ್ವತಿಯ ವೀಣೆಯ ಬುರುಡೆ ಎಲ್ಲಿ, ಕೃಷ್ಣನ ಯಾವ ಕಾಲು ಮುಂದೆ ಎಂದು ಎದುರು ಮನೆಯ ಮೇಡಂ ಬಂದು ಬಂದು ತಪ್ಪು ತೆಗೆದರು. ಹಲ್ಲುಕಡ್ಡಿಯಲ್ಲಿ ಮಾಡಿದ ಕೊಳಲು ನೋಡಿ, “ಅದೇನ್ರೀ ಬಾಯಲ್ಲಿ ಬೀಡಿ?” ಎಂದದ್ದೂ ಅವರೇ. ಆ ರಾತ್ರಿಯೇ ಗೊಂಬೆಯಕ್ಕ ದೇವಲೋಕ ಬಿಟ್ಟು ಪಕ್ಕದ ಲೋಕಕ್ಕೆ ಹೊರಳಿದ್ದು. ಬೆರಳುದ್ದದ ಕಿನ್ನರಿಯರು! ಬೆನ್ನಿಗೆ ರೆಕ್ಕೆ, ತಲೆಗೆ ಹೂವಿನ ಕಿರೀಟ, ಕೈಯಲ್ಲೊಂದು ಮಂತ್ರದ ಕೋಲು. ಯಾರೂ ಕಣ್ಣಲ್ಲಿ ಕಂಡಿಲ್ಲದ ಜನಾಂಗ. ಹಾಗಾಗಿ ಮೂಗು ಸೊಟ್ಟಗಿದೆ ಎನ್ನುವ ಅಧಿಕಾರವೂ ಯಾರಿಗೂ ಇಲ್ಲ. ಇದರಲ್ಲಿರುವ ಜಾಣತನವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ.

ಕಂಡವರೇ ಇಲ್ಲ ಎಂದೆನಲ್ಲ, ಅದು ಪೂರ್ತಿ ಸರಿಯಲ್ಲ. ಇಂಗ್ಲೆಂಡಿನ ಕಾಟಿಂಗ್ಲಿ ಎಂಬ ಹಳ್ಳಿಯಲ್ಲಿ 1917ರಲ್ಲಿ ಎಲ್ಸಿ, ಫ್ರಾನ್ಸಿಸ್ ಎಂಬ ಇಬ್ಬರು ಹುಡುಗಿಯರು ಹಳ್ಳದ ಬಳಿ ಕಿನ್ನರಿಯರ ಜೊತೆ ಫೋಟೋ ತೆಗೆಸಿಕೊಂಡಿದ್ದರು. ಷರ್ಲಾಕ್ ಹೋಮ್ಸನನ್ನು ಹುಟ್ಟಿಸಿದ ಕಾನನ್ ಡಾಯಲ್ ಅಷ್ಟು ದೊಡ್ಡ ಪತ್ತೇದಾರನ ತಂದೆಯಾಗಿದ್ದೂ ಅದನ್ನು ನಂಬಿ 1920ರಲ್ಲಿ ಪತ್ರಿಕೆಯಲ್ಲಿ ಬರೆದ. ಅವು ಪುಸ್ತಕದ ಚಿತ್ರ ನೋಡಿಕೊಂಡು ಬರೆದು ಕತ್ತರಿಸಿ, ಟೋಪಿಗೆ ಚುಚ್ಚುವ ಪಿನ್ನಿನಿಂದ ನಿಲ್ಲಿಸಿದ ಕಾಗದದ ಗೊಂಬೆಗಳೆಂದು ಆ ಹುಡುಗಿಯರು ಒಪ್ಪಿಕೊಂಡದ್ದು 1980ರ ದಶಕದಲ್ಲಿ, ಮುದುಕಿಯರಾದ ಮೇಲೆ. ಅದೇ 1917ರಲ್ಲಿ ನಮ್ಮ ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಎಂಬವರು, ಪಕೋಡ ಕರಿಯುವಷ್ಟರಲ್ಲಿ ರೈಲು ಬಂದುಬಿಡುತ್ತದೆಂದು ಅವಸರದಲ್ಲಿ ಹಿಟ್ಟು ತಟ್ಟಿ ಎಣ್ಣೆಗೆ ಬಿಟ್ಟು ಮದ್ದೂರು ವಡೆಯನ್ನು ಲೋಕಕ್ಕೆ ಕೊಟ್ಟರೆಂಬ ಕಥೆಯಿದೆ. ಎರಡೂ ಹೊಂದಿಸಿಕೊಂಡು ಮಾಡಿದ ಕೆಲಸಗಳೇ. ಒಂದನ್ನು ನಂಬಿ ದೊಡ್ಡ ಸಾಹಿತಿ ಮಾನ ಕಳೆದುಕೊಂಡ. ಇನ್ನೊಂದನ್ನು ನಂಬಿದವರು ಇವತ್ತಿಗೂ ಬಿಸಿಬಿಸಿ ತಿನ್ನುತ್ತಿದ್ದಾರೆ.

ಗೊಂಬೆಯಕ್ಕನಿಗೆ ಈ ಕಾಟಿಂಗ್ಲಿ ಕಥೆಯನ್ನು ಹೇಳಿದ್ದು ಮಗ, ಅವರ ಉತ್ಸಾಹ ಇಳಿಯಲಿ ಎಂದು. ಅವರು ಗಮನವಿಟ್ಟು ಕೇಳಿ, “ನೋಡಿದ್ಯಾ, ಇಬ್ಬರೇ ಮಕ್ಕಳು ಅಷ್ಟು ಮಾಡಿದ್ದಾರೆ. ನಾವು ಐದು ಜನ ಇದ್ದೀವಿ” ಎಂದರು.

ಅಂದಿನಿಂದ ಆ ಮನೆಯಲ್ಲಿ ಯಾರೂ ಸುಮ್ಮನೆ ಕೂತದ್ದಿಲ್ಲ. ಕೂತವರ ಕೈಗೆ ಗೊಂಬೆಯಕ್ಕ ಏನಾದರೂ ಇಟ್ಟುಬಿಡುತ್ತಾರೆ. ಟೀವಿಯಲ್ಲಿ ಧಾರಾವಾಹಿಯ ಸೊಸೆ ಅಳುತ್ತಿರುವಾಗ ಈ ಮನೆಯಲ್ಲಿ ತೆಂಗಿನ ನಾರು ಬಿಡಿಸುವ ಕೆಲಸ. ವಾರ್ತೆಗೆ ಮಣಿ ಪೋಣಿಸುವುದು. ಕ್ರಿಕೆಟ್ ಇದ್ದ ದಿನ ಹೆಚ್ಚು ಉತ್ಪಾದನೆ, ಯಾಕೆಂದರೆ ಗಂಡಸರು ಎದ್ದು ಹೋಗುವುದಿಲ್ಲ.

ಗೊಂಬೆಯ ಮಣ್ಣು ಎನ್ನುತ್ತಾರಲ್ಲ, ಅದನ್ನು ಅವರು ಒಲೆಯ ಮೇಲೆ ಮಾಡುತ್ತಾರೆ. ಒಂದು ಬಟ್ಟಲು ಕಾರ್ನ್‌ಫ್ಲೋರು, ಒಂದು ಬಟ್ಟಲು ಫೆವಿಕಾಲ್, ಒಂದು ಚಮಚ ಎಣ್ಣೆ, ನಾಲ್ಕು ಹನಿ ನಿಂಬೆರಸ. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತ ಬಾಣಲೆಯ ತಳ ಬಿಟ್ಟು ಉಂಡೆಯಾದಾಗ ಇಳಿಸಿ, ಆರಿದ ಮೇಲೆ ನಾದಿ, ಗಾಳಿಯಾಡದ ಡಬ್ಬಿಗೆ ತುಂಬಬೇಕು. ಬೆಳ್ಳಗೆ, ನುಣ್ಣಗೆ, ಬಲು ಆಕರ್ಷಕವಾಗಿರುತ್ತದೆ. ಅದನ್ನು ಹಾಲ್ಕೋವ ಎಂದುಕೊಂಡು ಬಾಯಿಗೆ ಹಾಕಿದ ಮದ್ದೂರಿನ ತಮ್ಮ ಸ್ವಲ್ಪ ಹೊತ್ತು ಮಾತಾಡಲಾಗದೆ ಕೂತಿದ್ದ. ಅವನು ಮೌನವಾಗಿದ್ದದ್ದನ್ನು ಗೊಂಬೆಯಕ್ಕ ಮೆಚ್ಚುಗೆ ಎಂದೇ ತಿಳಿದು ಗೊಂಬೆಗಳನ್ನೆಲ್ಲ ತಂದು ತೋರಿಸಿದರು.

1933ರಲ್ಲಿ ಸಕ್ಕರೆ ಕಾರ್ಖಾನೆ ಹುಟ್ಟಿದ ಊರು ಮಂಡ್ಯ. ಇಲ್ಲಿನ ಇರುವೆಗಳು ಬೇರೆ ಊರಿನ ಇರುವೆಗಳಿಗಿಂತ ಹೆಚ್ಚು ಆತ್ಮವಿಶ್ವಾಸ ಉಳ್ಳವು. ಒಣಗಲಿಟ್ಟ ಮೊದಲ ತಂಡದ ಕಿನ್ನರಿಯರನ್ನು ಅವು ಒಂದೇ ರಾತ್ರಿಯಲ್ಲಿ ಮೊಣಕಾಲಿನವರೆಗೆ ಮುಗಿಸಿದ್ದವು. ಉಳಿದದ್ದು ಜಿರಲೆಗೆ. ಬೆಳಿಗ್ಗೆ ಗೊಂಬೆಯಕ್ಕ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಅತ್ತೆ ಬಂದು ನೋಡಿ, “ಮೈಲುತುತ್ತ ಹಾಕ್ದೆ ಅಂಟು ಕಲಸ್ದೋರುಂಟಾ? ನಮ್ಮಪ್ಪ ಪುಸ್ತಕ್ಕೆ ರಟ್ಟು ಕಟ್ಟೋವಾಗ ಗೋಂದಿಗೆ ಒಂಚಿಟಿಕೆ ಹಾಕೋರು. ಇಲಿ ಕೂಡ ಮೂಸ್ತಿರ್ಲಿಲ್ಲ” ಎಂದು ಹೇಳಿ ಹೋದರು. ಹೇಳಬಾರದಿತ್ತು. ಆ ಒಂದು ಮಾತಿನಿಂದ ಅವರೂ ತಂಡಕ್ಕೆ ಸೇರಿಹೋದರು. ಮುಂದೆ ಗೊಂಬೆಯಕ್ಕ ಪರಿಚಯ ಮಾಡಿಕೊಡುತ್ತಿದ್ದದ್ದೇ ಹೀಗೆ: “ಕೆಮಿಕಲ್ಸ್ ಎಲ್ಲಾ ನಮ್ಮತ್ತೇದು.”

ಯಜಮಾನರ ಸೇರ್ಪಡೆ ಇನ್ನೂ ಸುಲಭವಾಗಿ ಆಯಿತು. ಅವರು ಒಂದು ಸಂಜೆ ಗೊಂಬೆಯ ಕೈ ನೋಡಿ, “ಇದು ಮೊಣಕಾಲಿನ ಕೆಳಗೆ ಬರ್ತಿದೆಯಲ್ಲೇ, ಸ್ಕೇಲ್ ಎಷ್ಟಿಟ್ಟಿದ್ದೀಯ?” ಎಂದರು. ನಿವೃತ್ತರಾದ ಮೇಲೆ ಆ ಶಬ್ದವನ್ನು ಅವರು ಮನೆಯಲ್ಲಿ ಆಡಿದ್ದು ಅದೇ ಮೊದಲು. ಮಾರನೆಯ ದಿನ ಅಟ್ಟದಿಂದ ಡ್ರಾಯಿಂಗ್ ಬೋರ್ಡು ಇಳಿಯಿತು. ಪುಟಾಣಿ ಗೊಂಬೆಮನೆ ಮಾಡುವವರು ಜಗತ್ತಿನಲ್ಲಿ ಹೆಚ್ಚಾಗಿ ಒಂದಡಿಗೆ ಒಂದಿಂಚು ಎಂಬ ಲೆಕ್ಕವನ್ನು ಪಾಲಿಸುತ್ತಾರೆಂದು ಎಲ್ಲಿಂದಲೋ ಓದಿಕೊಂಡು ಬಂದರು. ದೆಹಲಿಯ ರಾಷ್ಟ್ರಪತಿ ಭವನ ಕಟ್ಟಿದ ಲುಟ್ಯೆನ್ಸ್ ಸಾಹೇಬರೇ ಇಂಗ್ಲೆಂಡಿನ ರಾಣಿ ಮೇರಿಗೆ ಒಂದು ಗೊಂಬೆಮನೆಯನ್ನು ಇದೇ ಅಳತೆಯಲ್ಲಿ ವಿನ್ಯಾಸ ಮಾಡಿದ್ದರು, 1924ಕ್ಕೆ ಮುಗಿಯಿತು, ಅದರಲ್ಲಿ ವಿದ್ಯುದ್ದೀಪ ಉರಿಯುತ್ತಿತ್ತು, ಲಿಫ್ಟು ಓಡುತ್ತಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು. ಇದನ್ನು ಯಜಮಾನರು ಊಟದ ಹೊತ್ತಿಗೆ ಹೇಳಿದಾಗ ಅತ್ತೆ ಮುದ್ದೆ ಮುರಿಯುತ್ತ, “ಗೊಂಬೆಗ್ಯಾಕ್ಲಾ ನಲ್ಲಿ? ಇಲ್ಲಿ ನಂಗೇ ಬೆಳಗಿನಿಂದ ನೀರಿಲ್ಲ” ಎಂದರು.

ಆದರೆ ಕಿನ್ನರಿಯ ವಿಷಯದಲ್ಲಿ ಅಳತೆಯೇ ತೊಡಕಿಗೆ ಬಿತ್ತು. ಮನುಷ್ಯರಾದರೆ ಐದೂವರೆ ಅಡಿಗೆ ಐದೂವರೆ ಇಂಚು, ಸರಿ. ಕಿನ್ನರಿಯ ನಿಜವಾದ ಎತ್ತರ ಎಷ್ಟು? ಅದು ಹುಟ್ಟಿನಿಂದಲೇ ಬೆರಳುದ್ದವಿದ್ದರೆ ಹನ್ನೆರಡರಲ್ಲಿ ಒಂದು ಪಾಲು ಮಾಡಿದಾಗ ಜೀರಿಗೆಯಷ್ಟಾಗುತ್ತದೆ. “ಮೂಲ ಅಳತೆ ಕೊಡದೆ ನಾನು ಡ್ರಾಯಿಂಗಿಗೆ ಸಹಿ ಹಾಕಲ್ಲ” ಎಂದು ಯಜಮಾನರು ಪಟ್ಟು ಹಿಡಿದರು. ವಾದ ಮೂರು ದಿನ ನಡೆಯಿತು. ಇಲಾಖೆಯಲ್ಲಿ ಇಂಥದ್ದು ಮೂರು ವರ್ಷ ನಡೆಯುತ್ತಿತ್ತಂತೆ, ಹಾಗಾಗಿ ಅವರಿಗೆ ಇದೇನೂ ದೊಡ್ಡದೆನಿಸಲಿಲ್ಲ. ಕೊನೆಗೆ ಗೊಂಬೆಯಕ್ಕ, “ರೀ, ಅವಳು ನಮ್ಮ ನಾದಿನಿಯಷ್ಟೆತ್ತರ ಅಂತ ಇಟ್ಕೊಳ್ಳಿ” ಎಂದು ಆದೇಶ ಹೊರಡಿಸಿದರು. ಅಂದಿನಿಂದ ಆ ಮನೆಯ ಕಿನ್ನರಿಯರೆಲ್ಲ ಐದಡಿ ಎರಡಂಗುಲದವರು. ಮಳವಳ್ಳಿಯ ನಾದಿನಿಗೆ ಇದು ಇನ್ನೂ ಗೊತ್ತಿಲ್ಲ.

ನಾದಿನಿಯ ಸೇವೆ ಬೇರೆಯೇ ಬಗೆಯದು. ಅವರದು ರೇಷ್ಮೆ ಸಾಕುವ ಮನೆ. ಹುಳು ಚಂದ್ರಿಕೆ ಏರಿ ಗೂಡು ಕಟ್ಟಿದ ಮೇಲೆ ಬೇಗ ಮಾರುಕಟ್ಟೆಗೆ ಸಾಗಿಸಬೇಕು. ತಡವಾಗಿ ಚಿಟ್ಟೆ ತೂತು ಕೊರೆದು ಹೊರಬಂತೋ, ಎಳೆ ಕಡಿದುಹೋಗಿ ಆ ಗೂಡು ನೂಲು ಬಿಚ್ಚಲು ಬಾರದು. ರೈತನಿಗೆ ನಷ್ಟವಾದ ಆ ತೂತು ಗೂಡೇ ಗೊಂಬೆಯಕ್ಕನ ಚಿನ್ನ. ಸಣ್ಣ ಕತ್ತರಿಯಿಂದ ಉದ್ದಕ್ಕೆ ಸೀಳಿ, ಉಗುರಿನಿಂದ ಪದರ ಪದರವಾಗಿ ಬಿಡಿಸಿದರೆ ಬೆಳಕು ಹಾಯುವಷ್ಟು ತೆಳ್ಳಗಿನ ರೆಕ್ಕೆ ಸಿಗುತ್ತದೆ. ದ್ವಿತಳಿಯ ಗೂಡಾದರೆ ಹಾಲುಬಿಳುಪು, ಮಿಶ್ರತಳಿಯದಾದರೆ ತಿಳಿಹಳದಿ, ಬಣ್ಣ ಹಚ್ಚುವ ಖರ್ಚೂ ಉಳಿಯಿತು. ಈ ಒಂದು ಕೆಲಸದಲ್ಲಿ ಗೊಂಬೆಯಕ್ಕನ ಕೈಗೆ ಸಾಟಿಯಿಲ್ಲ ಎಂದು ನಾನು ನಗದೆಯೇ ಹೇಳಬೇಕು. ಗೂಡಿನ ಅಂಚು ಸುರುಳಿ ಸುತ್ತಿಕೊಳ್ಳುವ ಹದದಲ್ಲಿ ಅದನ್ನು ಆವಿಗೆ ಹಿಡಿದು, ಎರಡು ಬೆರಳಿನ ನಡುವೆ ಒತ್ತಿ ನರಗಳನ್ನು ಮೂಡಿಸುವುದನ್ನು ನೋಡುತ್ತಿದ್ದರೆ ಎದುರು ಮನೆಯ ಮೇಡಂ ಕೂಡ ಬಾಯಿ ಮುಚ್ಚಿಕೊಂಡಿರುತ್ತಾರೆ.

ಕಷ್ಟವೆಂದರೆ, ಒಮ್ಮೆ “ಹಾಳಾದ ಗೂಡಿದ್ದರೆ ಕಳಿಸಿ” ಎಂದದ್ದನ್ನು ನಾದಿನಿಯ ಯಜಮಾನರು ಮರೆಯಲಿಲ್ಲ. ಒಂದು ಬೆಳೆ ಪೂರ್ತಿ ಕೈಕೊಟ್ಟ ವರ್ಷ ಗೋಣಿಚೀಲಗಟ್ಟಲೆ ಕಳಿಸಿ, ಸಾಗಾಣಿಕೆ ಖರ್ಚನ್ನು ಕೇಳಿದರು.

ರೆಕ್ಕೆ ಇದ್ದ ಮೇಲೆ ಅದು ದೇಹಕ್ಕೆ ಎಲ್ಲಿ, ಹೇಗೆ ಕೂಡಿಕೊಳ್ಳುತ್ತದೆಂದು ಅಧ್ಯಯನವಾಗಬೇಡವೇ? ಅದಕ್ಕಾಗಿ ಒಂದು ಭಾನುವಾರ ಇಡೀ ಸಂಸಾರ ಪುಳಿಯೋಗರೆ ಕಟ್ಟಿಕೊಂಡು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೊರಟಿತು. ಶಿಂಷಾ ಹೊಳೆಯ ಆಚೀಚೆ ಮೇಯುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಆ ಊರಿನ ಹುಣಸೆ ಮರ, ಆಲದ ಮರಗಳ ಮೇಲೆ ಮನೆಗಳ ನಡುವೆಯೇ ಗೂಡು ಕಟ್ಟುತ್ತವೆ. ಯಜಮಾನರು ಟೇಪು ತಂದಿದ್ದರು. ಯಾಕೆಂದು ಕೇಳಿದರೆ ಹೇಳಲಿಲ್ಲ. ಮಗ ಕ್ಯಾಮೆರಾ ಹಿಡಿದು ಮರದ ಕೆಳಗೆ ನಿಂತು ಹಕ್ಕಿಗಳ ಕೊಡುಗೆಯನ್ನು ಅಂಗಿಯ ಮೇಲೆ ಪಡೆದುಕೊಂಡ. ಗೊಂಬೆಯಕ್ಕ, “ಆ ಕಡೇದು ರೆಕ್ಕೆ ಬಿಚ್ಚಿದಾಗ ಭುಜ ನೋಡ್ಕೊಳ್ಳೋ, ಭುಜ!” ಎಂದು ಕೂಗುತ್ತಿದ್ದರು. ಆ ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ನೋಡಿಕೊಳ್ಳುವವರು. ಅದು ಗೊತ್ತಿದ್ದ ಅತ್ತೆಗೆ ಸಿಟ್ಟು ಬಂತು. “ಬಾಣ್ತಿ ಮನೆಗ್ ಬಂದು ಭುಜ ನೋಡು, ತೋಳ್ ನೋಡು ಅಂತೀರಲ್ಲ, ಮಾನ ಮರ್ವಾದೆ ಅದಾ ನಿಮ್ಗೆ? ನಡೀರಿ ಮನೆಗೆ” ಎಂದು ಪುಳಿಯೋಗರೆಯ ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟರು. ಡಬ್ಬಿ ಹೋದ ಮೇಲೆ ಉಳಿದವರು ನಿಲ್ಲುವುದರಲ್ಲಿ ಅರ್ಥವಿರಲಿಲ್ಲ.

ಹೆಜ್ಜಾರ್ಲೆಯ ಲೆಕ್ಕದಲ್ಲಿ ಮಾಡಿದ ರೆಕ್ಕೆ ನೋಡಲು ಭವ್ಯವಾಗಿತ್ತು. ಆದರೆ ಕಿನ್ನರಿ ನಿಲ್ಲಲಿಲ್ಲ. ಹಿಂದಕ್ಕೆ ಬೀಳುವುದು, ಎತ್ತಿ ನಿಲ್ಲಿಸಿದರೆ ಇನ್ನೂ ರಭಸದಿಂದ ಹಿಂದಕ್ಕೆ ಬೀಳುವುದು. ಯಜಮಾನರು ಗುರುತ್ವ ಕೇಂದ್ರದ ನಕ್ಷೆ ಬರೆದರು. ಮಗ ಕಂಪ್ಯೂಟರಿನಲ್ಲಿ ಬರೆದ. ಅತ್ತೆ ಎಲೆಅಡಿಕೆ ಚೀಲದಿಂದ ಒಂದು ರೂಪಾಯಿ ನಾಣ್ಯ ತೆಗೆದು, “ಕಾಲ್ಕೆಳೀಕ್ ಮಡಗವ್ವ” ಎಂದರು. ನಿಂತಿತು. ಆಮೇಲೆ ಪ್ರತಿ ಗೊಂಬೆಯ ಪೀಠದಡಿಯಲ್ಲೂ ಒಂದು ರೂಪಾಯಿ ಇಟ್ಟು ಮೇಲೆ ಮಣ್ಣು ಮೆತ್ತುವುದು ಪದ್ಧತಿಯಾಯಿತು. ನಾಣ್ಯಗಳೆಲ್ಲ ಅತ್ತೆಯವು. ಸಾಲ ಎಷ್ಟಾಗಿದೆಯೆಂದು ಅವರು ಕ್ಯಾಲೆಂಡರಿನ ಹಿಂದೆ ಇದ್ದಿಲಿನಲ್ಲಿ ಗೀಟು ಹಾಕಿ ಬರೆದಿಟ್ಟಿದ್ದಾರೆ.

ಆದರೂ ಅತ್ತೆಗೆ ರೆಕ್ಕೆಯ ಹೆಂಗಸರ ಮೇಲೆ ಒಪ್ಪಿಗೆಯಿಲ್ಲ. “ಅಲ್ಲ ಕಣವ್ವ, ಇವ್ಳು ಯಾವೂರೋಳು? ಯಾರ ಮನೆ ಮಗಳು? ಮೈಮ್ಯಾಲೆ ಸರಿಯಾಗಿ ಬಟ್ಟೆ ಇಲ್ಲ, ತಲೆ ಕೂದ್ಲು ಕೆಂಪಗೆ ತೆಂಗಿನ ನಾರು. ಹೊಲ್ದಲ್ಲಿ ನಿಲ್ಲುಸುದ್ರೆ ಹಂದಿನಾದ್ರೂ ಹೆದ್ರುತ್ವೆ” ಎನ್ನುತ್ತಿದ್ದವರು ಒಂದು ಸಂಜೆ ಏನು ತೋಚಿತೋ, ತಮ್ಮ ಊರಿನ ಕೆರೆ ಏರಿಯ ಅಕ್ಕದೇವತೆಗಳ ಸುದ್ದಿ ತೆಗೆದರು. ಏಳು ಜನ ಅಕ್ಕತಂಗಿಯರು, ಏಳು ಕಲ್ಲು, ಅರಿಸಿನ ಕುಂಕುಮ ಹಚ್ಚಿದರೆ ಮುಗಿಯಿತು. ನಡುರಾತ್ರಿ ನೀರಿಗಿಳಿದು ಸ್ನಾನ ಮಾಡಿ ಸಾಲಾಗಿ ಹೋಗುತ್ತಿದ್ದರಂತೆ. “ರೆಕ್ಕೆ ಇತ್ತಾ ಅಜ್ಜಿ?” ಎಂದು ಮೊಮ್ಮಗಳು ಕೇಳಿದಳು. “ಯಾಕ್ ಬೇಕು? ನಡ್ಕೊಂಡೇ ಹೋಗೋರು. ಸೀರೆ ಉಟ್ಕಂಡು, ತಲೆ ತುಂಬ ಹೂ ಮುಡ್ಕಂಡು, ಕೊನೇಳು ಯಾವಾಗ್ಲೂ ಹಿಂದೆ ಉಳ್ಕಳೋಳು, ಉಳಿದೋರು ನಿಂತು ಕಾಯೋರು.” ಆ ರಾತ್ರಿ ಮೊಮ್ಮಗಳು ಗೊಂಬೆಯಕ್ಕನ ಅಪ್ಪಣೆ ಕೇಳದೆಯೇ ಏಳು ಜನರನ್ನು ಮಾಡಿದಳು. ರೆಕ್ಕೆಯಿಲ್ಲ, ಕಿರೀಟವಿಲ್ಲ, ಅಜ್ಜಿಯ ಹಳೆಯ ಸೀರೆಯ ಅಂಚಿನ ಸೆರಗು. ಕೊನೆಯವಳು ಸ್ವಲ್ಪ ಕುಂಟುತ್ತ ಹಿಂದೆ ಬರುತ್ತಿದ್ದಾಳೆ. ನನ್ನ ಮಟ್ಟಿಗೆ ಆ ಮನೆಯಲ್ಲಿರುವ ಒಂದೇ ಒಳ್ಳೆಯ ಕೆಲಸ ಅದು. ಗೊಂಬೆಯಕ್ಕನ ಪ್ರಕಾರ ಅದಿನ್ನೂ ಮುಗಿದಿಲ್ಲ, ರೆಕ್ಕೆ ಹಚ್ಚಬೇಕು. ಅಜ್ಜಿ ಅದನ್ನು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಚನ್ನಪಟ್ಟಣಕ್ಕೆ ಹೋದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಹೊಸ ಹೆದ್ದಾರಿ ಊರಾಚೆಯೇ ಹೋಗುವುದರಿಂದ ಈಗ ಚನ್ನಪಟ್ಟಣದ ಗೊಂಬೆ ಅಂಗಡಿಗಳನ್ನು ಬೇಕೆಂದೇ ಹುಡುಕಿಕೊಂಡು ಹೋಗಬೇಕು. ಇವರು ಹೋದರು. ಆಲೆ ಮರದ ಹಗುರ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸಿ, ಉಳಿಯಲ್ಲಿ ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಹಿಡಿದರೆ ಕನ್ನಡಿಯ ಹೊಳಪು. ಟಿಪ್ಪುವಿನ ಕಾಲದಿಂದ ಬಂದ ವಿದ್ಯೆ ಎನ್ನುತ್ತಾರೆ. ಸರಕಾರದ ಭೌಗೋಳಿಕ ಗುರುತಿನ ಮಾನ್ಯತೆಯೂ ಉಂಟು. ಹತ್ತಾರು ವರ್ಷ ಅದರಲ್ಲೇ ಕೈ ಸವೆಸಿದ ಒಬ್ಬ ಹಿರಿಯ ಕುಶಲಕರ್ಮಿ ಕಣ್ಣೆದುರು ಇದನ್ನು ಮಾಡಿ ತೋರಿಸಿದಾಗ ಗೊಂಬೆಯಕ್ಕ ತಲೆದೂಗಿ, “ಚೆನ್ನಾಗಿದೆ ಸಾಬ್ರೆ. ಮನೇಲಿ ಎಲ್ಲ ಸೇರಿ ಮಾಡ್ತೀರಾ, ನೀವೊಬ್ಬರೇನಾ?” ಎಂದರು. ಆತ ಒಬ್ಬನೇ ಎಂದ. ಆತನ ಮಗ ಬೆಂಗಳೂರಿನ ಕಂಪನಿಯಲ್ಲಿದ್ದಾನಂತೆ. ಗೊಂಬೆಯಕ್ಕ ಕನಿಕರದಿಂದ ತಮ್ಮ ಮಗನ ಕಡೆ ನೋಡಿದರು. ಮಗ ಫೋನು ಕಿವಿಗಿಟ್ಟುಕೊಂಡ.

ಇಷ್ಟೆಲ್ಲ ಗೊಂಬೆಗಳು ಹೋಗುವುದೆಲ್ಲಿಗೆ? ಮಾರುವುದನ್ನು ಗೊಂಬೆಯಕ್ಕ ಒಪ್ಪುವುದಿಲ್ಲ. ಪ್ರೀತಿಗೆ ಬೆಲೆ ಕಟ್ಟಬಾರದು ಎನ್ನುತ್ತಾರೆ. ಒಮ್ಮೆ ಸಂತೆಯಲ್ಲಿ ಅಂಗಡಿ ಹಾಕಿ ನೋಡಿದ ಮೇಲೆ ಈ ಮಾತು ಹುಟ್ಟಿತೆಂದು ಯಜಮಾನರು ಹೇಳುತ್ತಾರೆ. ಹಾಗಾಗಿ ಎಲ್ಲವೂ ಉಡುಗೊರೆ. ನಾಮಕರಣ, ಗೃಹಪ್ರವೇಶ, ಷಷ್ಟಿಪೂರ್ತಿ, ಯಾವುದಕ್ಕೆ ಕರೆದರೂ ಐದು ಜನ ಬಂದು ಉಂಡು ಒಂದು ಕಿನ್ನರಿಯನ್ನು ಕೊಟ್ಟು ಹೋಗುತ್ತಾರೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಅವಳು ನಗುತ್ತಿರುತ್ತಾಳೆ. ಮಂಡ್ಯದಿಂದ ಮಳವಳ್ಳಿಯವರೆಗೆ ಎಷ್ಟೋ ಮನೆಗಳ ಟೀವಿಯ ಹಿಂದೆ, ಫ್ರಿಜ್ಜಿನ ಮೇಲೆ ಅವಳು ಮಂತ್ರದ ಕೋಲು ಹಿಡಿದು ಧೂಳು ಕುಡಿಯುತ್ತಿದ್ದಾಳೆ. ನಮ್ಮಲ್ಲೂ ಇಬ್ಬರಿದ್ದಾರೆ. ಗೊಂಬೆಯಕ್ಕ ಬರುವ ಸುದ್ದಿ ಸಿಕ್ಕರೆ ತೆಗೆದು ಹಾಲ್‌ನಲ್ಲಿಡುತ್ತೇವೆ. ಬರುವ ಸುದ್ದಿ ಸಿಗದಿದ್ದ ದಿನ ಬಾಗಿಲು ತೆರೆಯಲು ಸ್ವಲ್ಪ ತಡವಾಗುತ್ತದೆ.

ಆದರೆ ಉಡುಗೊರೆಗಳಿಗೆ ಕಾಲಿರುತ್ತದೆ. ಯಾರೂ ಇಟ್ಟುಕೊಳ್ಳಲಾಗದ, ಎಸೆಯಲೂ ಆಗದ ವಸ್ತುವನ್ನು ನಮ್ಮ ಜನ ಮುಂದಿನ ಗೃಹಪ್ರವೇಶಕ್ಕೆ ಸಾಗಿಸುತ್ತಾರೆ. ಹಿಂದೆ ಗೋಡೆ ಗಡಿಯಾರಗಳು ಹೀಗೆ ತಿರುಗುತ್ತಿದ್ದವು, ಅದಕ್ಕೂ ಹಿಂದೆ ಸ್ಟೀಲಿನ ಹರಿವಾಣ. ಮಗಳ ನಿಶ್ಚಿತಾರ್ಥದ ಮರುದಿನ ಗೊಂಬೆಯಕ್ಕನ ಮನೆಯಲ್ಲಿ ಉಡುಗೊರೆ ಬಿಚ್ಚುವಾಗ ನಾನೂ ಇದ್ದೆ. ಮಿರುಗುವ ಕಾಗದ ಸುತ್ತಿದ ಒಂದು ಪೊಟ್ಟಣದಿಂದ ಕಿನ್ನರಿ ಹೊರಬಂದಳು. ಒಂದು ರೆಕ್ಕೆ ಇರಲಿಲ್ಲ. ತೆಂಗಿನ ನಾರಿನ ಕೂದಲು ಉದುರಿಹೋಗಿ ಯಾರೋ ಕಪ್ಪು ಉಲ್ಲನ್ ಅಂಟಿಸಿದ್ದರು. ತುಟಿಗೆ ಉಗುರಿನ ಬಣ್ಣ. ಎಷ್ಟು ಮನೆ ತಿರುಗಿ, ಎಷ್ಟು ಮಕ್ಕಳ ಕೈ ದಾಟಿ ಬಂದಿದ್ದಳೋ. ಯಜಮಾನರು ಒಂದು ನೋಟಕ್ಕೇ ಗುರುತಿಸಿದರು. ಐದಡಿ ಎರಡಂಗುಲವನ್ನು ಅವರು ತಪ್ಪಲಾರರು. ತಲೆ ತಗ್ಗಿಸಿ ವಡೆ ಮುರಿಯತೊಡಗಿದರು. ಮಗನೂ ಮಗಳೂ ಪರಸ್ಪರ ನೋಡಿ ಗೋಡೆ ನೋಡಿದರು.

ಗೊಂಬೆಯಕ್ಕ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದರು. ಕನ್ನಡಕ ಏರಿಸಿ ಮತ್ತೆ ನೋಡಿದರು.

“ಪಾಪ, ಐಡಿಯಾ ಚೆನ್ನಾಗಿದೆ. ನಮ್ಮದನ್ನ ನೋಡಿ ಕಲಿತಿದ್ದಾರೆ ಅನ್ಸುತ್ತೆ. ಆದರೆ ಯಾರೋ ಒಬ್ಬರೇ ಕೂತು ಮಾಡಿದ್ದು ಇದು. ಮನೆಯವರು ಕೈ ಜೋಡಿಸಿಲ್ಲ. ಎಲ್ಲ ಸೇರಿ ಮಾಡಿದ್ರೆ ಫಿನಿಶಿಂಗೇ ಬೇರೆ ಬರುತ್ತೆ, ಅಲ್ವೇನ್ರೀ?”

ಯಜಮಾನರು ವಡೆ ಬಾಯಲ್ಲಿಟ್ಟುಕೊಂಡು ಹೂಂಗುಟ್ಟಿದರು.

“ಕೊಡಿಲ್ಲಿ” ಎಂದು ಅಜ್ಜಿ ಕೈಚಾಚಿ ಗೊಂಬೆಯನ್ನು ತೆಗೆದುಕೊಂಡರು. ಬೋರಲು ಹಾಕಿ, ಅಡಕತ್ತರಿಯ ತುದಿಯಿಂದ ಪೀಠದ ಮಣ್ಣನ್ನು ಒಂದೇ ಸಲ ಮೀಟಿದರು. ನಾಣ್ಯ ಠಣ್ಣೆಂದು ನೆಲಕ್ಕೆ ಬಿತ್ತು. ಅದನ್ನು ಸೆರಗಿನಲ್ಲಿ ಒರೆಸಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, ಮೊಮ್ಮಗನ ಕಡೆ ತಿರುಗಿ, “ಲೇ ಮಗ, ಕ್ಯಾಲೆಂಡ್ರು ಹಿಂದೆ ಒಂದು ಗೀಟು ಅಳಿಸ್ಲಾ” ಎಂದರು.